ಅರ್ಹ ಅಪರಾಧಿ

ಫೋನಿನಲ್ಲಿದ್ದ ಹೆಂಗಸು ಮೊದಲು ತನ್ನ ಹೆಸರು ಹೇಳಲಿಲ್ಲ. 'ಜೈಲಿನವರೂ ಮಾನಸಿಕ ಆರೋಗ್ಯದವರೂ ಸೇರಿ ಏನೋ ಹೊಸ ಯೋಜನೆ ಶುರುಮಾಡಿದ್ದಾರಂತೆ. ಪೇಪರಿನಲ್ಲಿ ಓದಿದೆ. ಅದರ ಆಫೀಸು ಇದೇನಾ?' ಎಂದು ಕೇಳಿದರು. ಅದಕ್ಕೆಂದು ಬೇರೆ ಆಫೀಸೇನೂ ಇರಲಿಲ್ಲ. ಪತ್ರಿಕೆಗೆ ಕೊಟ್ಟ ಪ್ರಕಟಣೆಯ ಕೊನೆಯಲ್ಲಿ ನನ್ನ ಮೇಜಿನ ನಂಬರು ಹಾಕಿದ್ದೆವು, ಅಷ್ಟೆ. ಹೌದು, ಹೇಳಿ ಅಂದೆ.

ಅವರ ಮಗನಿಗೆ ಇಪ್ಪತ್ತೆರಡು ವರ್ಷ. ಕಾಲೇಜಿನ ಎರಡನೇ ವರ್ಷದಲ್ಲಿ ಕಿವಿಯಲ್ಲಿ ಯಾರೋ ಮಾತಾಡುವುದು ಶುರುವಾಗಿ, ಮನೆಗೆ ವಾಪಸು ಬಂದಿದ್ದ. ಈಗ ಮನೆಯ ಕೆಳಗಿನ ಬೇಸ್‌ಮೆಂಟಿನಲ್ಲಿರುತ್ತಾನೆ, ಕಿಟಕಿಗೆಲ್ಲ ಅಲ್ಯೂಮಿನಿಯಂ ಹಾಳೆ ಅಂಟಿಸಿದ್ದಾನೆ, ಯಾರಿಗೂ ಏನೂ ಮಾಡುವುದಿಲ್ಲ. ಮಾನಸಿಕ ವೈದ್ಯರ ಭೇಟಿಗೆ ಹದಿನಾಲ್ಕು ವಾರ ಕಾಯಬೇಕು ಅಂದಿದ್ದಾರೆ. 'ನಿಮ್ಮ ಯೋಜನೆಯಲ್ಲಾದರೆ ವಾರದೊಳಗೆ ಡಾಕ್ಟರು ನೋಡುತ್ತಾರಂತೆ, ಮನೆಗೇ ಬಂದು ವಿಚಾರಿಸುವ ಕೇಸ್ ಮ್ಯಾನೇಜರ್ ಇರುತ್ತಾರಂತೆ. ನಿಜವಾ?'

ನಿಜ. ಆ ಸಾಲನ್ನು ಬರೆದವರು ನಾನೇ.

'ಅವನ ಮೇಲೆ ಯಾವುದಾದರೂ ಕೇಸ್ ಇದೆಯಾ? ಯಾವತ್ತಾದರೂ ಅರೆಸ್ಟ್ ಆಗಿದ್ದಾನಾ?' ಎಂದು ಕೇಳಿದೆ. ಇಲ್ಲ ಅಂದರು. ಅವರ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಹಾಗಾದರೆ ನಮ್ಮ ಯೋಜನೆಗೆ ಅವನು ಬರುವುದಿಲ್ಲ, ಇದು ಜೈಲಿಗೆ ಬಂದವರಿಗೆ ಮಾತ್ರ ಅಂದೆ. ಅತ್ತಲಿಂದ ಒಂದಷ್ಟು ಹೊತ್ತು ಮಾತಿಲ್ಲ. ಆಮೇಲೆ ಅಂಗಡಿಯಲ್ಲಿ ಸಾಮಾನಿನ ಬೆಲೆ ವಿಚಾರಿಸುವ ಧಾಟಿಯಲ್ಲಿ ಕೇಳಿದರು: 'ನಾನೇ ಪೊಲೀಸರಿಗೆ ಫೋನ್ ಮಾಡಿ ಅರೆಸ್ಟ್ ಮಾಡಿಸಿದರೆ ಸೇರಿಸಿಕೊಳ್ಳುತ್ತೀರಾ?'

ಇದು ನಡೆದು ಹತ್ತು ವರ್ಷದ ಮೇಲಾಯಿತು. ಅಮೆರಿಕದ ಮಧ್ಯಪಶ್ಚಿಮದ ಒಂದು ಸಣ್ಣ ಕೌಂಟಿಯಲ್ಲಿ ನನಗೆ ಆಗ ಅನುದಾನದ ಅರ್ಜಿ ಬರೆಯುವ ಕೆಲಸ. ಕೌಂಟಿ ಅಂದರೆ ನಮ್ಮ ಜಿಲ್ಲೆ ಮತ್ತು ತಾಲ್ಲೂಕಿನ ನಡುವಿನದು ಅಂದುಕೊಳ್ಳಿ. ಅದಕ್ಕೊಬ್ಬ ಚುನಾಯಿತ ಶೆರಿಫ್, ಅವನ ಕೈಕೆಳಗೆ ಒಂದು ಜೈಲು. ಆ ಜೈಲಿನಲ್ಲಿ ಇರುವವರಲ್ಲಿ ಹೆಚ್ಚಿನವರು ವಿಚಾರಣಾಧೀನರು, ಉಳಿದವರು ಸಣ್ಣಪುಟ್ಟ ಶಿಕ್ಷೆಯವರು. ರಸ್ತೆ, ಶಾಲೆ, ಚರಂಡಿ, ಬೀದಿದೀಪ, ಯಾವುದಕ್ಕೆ ವಾಷಿಂಗ್ಟನ್‌ನಿಂದ ದುಡ್ಡು ಸಿಗುತ್ತದೋ ಅದಕ್ಕೆ ನಾನು ಅರ್ಜಿ ಬರೆಯುತ್ತಿದ್ದೆ. ಆ ವರ್ಷ ಬರೆದದ್ದು ನ್ಯಾಯ ಇಲಾಖೆ ಕೊಡುವ ಒಂದು ಅನುದಾನಕ್ಕೆ. ನ್ಯಾಯಾಡಳಿತವೂ ಮಾನಸಿಕ ಆರೋಗ್ಯ ಸಂಸ್ಥೆಗಳೂ ಒಟ್ಟಾಗಿ ಕೆಲಸ ಮಾಡಲಿ ಎಂಬುದು ಅದರ ಉದ್ದೇಶ.

ಇದರ ಹಿಂದೆ 2004ರ ಒಂದು ಕಾಯ್ದೆ ಇದೆ. ಅದನ್ನು ತಂದವರು ಓಹಾಯೋ ರಾಜ್ಯದ ಇಬ್ಬರು. ಸೆನೆಟರ್ ಮೈಕ್ ಡಿವೈನ್ ರಿಪಬ್ಲಿಕನ್, ಹಿಂದೆ ಕೌಂಟಿಯ ಸರ್ಕಾರಿ ವಕೀಲರಾಗಿದ್ದವರು. ಪ್ರತಿನಿಧಿ ಸಭೆಯ ಟೆಡ್ ಸ್ಟ್ರಿಕ್‌ಲ್ಯಾಂಡ್ ಡೆಮಾಕ್ರಟ್, ಲೂಕಸ್‌ವಿಲ್‌ನ ದೊಡ್ಡ ಸೆರೆಮನೆಯಲ್ಲಿ ಮನಶ್ಶಾಸ್ತ್ರಜ್ಞರಾಗಿ ಕೆಲಸ ಮಾಡಿದವರು. ಒಬ್ಬರು ಜನರನ್ನು ಒಳಗೆ ಕಳಿಸಿದವರು, ಇನ್ನೊಬ್ಬರು ಒಳಗೆ ಬಂದವರ ಜೊತೆ ಕೂತು ಮಾತಾಡಿದವರು. ಮುಂದೆ ಇಬ್ಬರೂ ಓಹಾಯೋದ ಗವರ್ನರ್ ಆದರು, ಅದು ಬೇರೆ ಕಥೆ. ಮೊದಲ ವರ್ಷಕ್ಕೆ 5 ಕೋಟಿ ಡಾಲರ್ ಕೊಡಬಹುದು ಎಂದು ಕಾಯ್ದೆ ಹೇಳಿತ್ತು. 2006ರಲ್ಲಿ ಮೊದಲ ಸಲ ಬಿಡುಗಡೆಯಾದದ್ದು 50 ಲಕ್ಷ.

ಕಾಯ್ದೆಯಲ್ಲಿ ಒಂದು ಜಾಣ ಷರತ್ತಿದೆ. ಜೈಲು, ಕೋರ್ಟು, ಪೊಲೀಸರು ಇರುವ ಕಡೆಯವರೊಬ್ಬರೇ ಅರ್ಜಿ ಹಾಕುವಂತಿಲ್ಲ, ಮಾನಸಿಕ ಆರೋಗ್ಯದ ಸಂಸ್ಥೆಯೊಂದೇ ಹಾಕುವಂತೆಯೂ ಇಲ್ಲ. ಇಬ್ಬರೂ ಜಂಟಿಯಾಗಿ ಸಹಿ ಹಾಕಬೇಕು. ದುಡ್ಡಿನ ಆಸೆಗಾದರೂ ಒಂದೇ ಮೇಜಿಗೆ ಬಂದು ಕೂರಲಿ ಎಂಬ ಲೆಕ್ಕ. ನಮ್ಮಲ್ಲಿ ಹಾಗೆಯೇ ಆಯಿತು. ಎರಡು ಬೀದಿ ಅಂತರದಲ್ಲಿದ್ದೂ ಜೈಲಿನ ಕ್ಯಾಪ್ಟನ್ ಮತ್ತು ಸರ್ಕಾರಿ ಮಾನಸಿಕ ಚಿಕಿತ್ಸಾಲಯದ ಮುಖ್ಯಸ್ಥೆ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಮೊದಲ ಸಭೆಯಲ್ಲಿ ಕ್ಯಾಪ್ಟನ್ ಹೆಸರು ಹೇಳದೆ ಒಬ್ಬನ ವಿಷಯ ಎತ್ತಿದರು. ಅವನು ಪ್ರತಿ ಚಳಿಗಾಲದಲ್ಲಿ ಬಸ್ ನಿಲ್ದಾಣದಲ್ಲಿ ಮಲಗಿ ಅತಿಕ್ರಮ ಪ್ರವೇಶದ ಕೇಸಿನಲ್ಲಿ ಒಳಗೆ ಬರುತ್ತಾನೆ, ಗೋಡೆಗೆ ಸುವಾರ್ತೆ ಹೇಳುತ್ತಾನೆ, ಮೂರು ವಾರ ಇದ್ದು ಹೋಗುತ್ತಾನೆ. ಕೇಳುತ್ತ ಕೇಳುತ್ತ ಮುಖ್ಯಸ್ಥೆಯ ಮುಖ ಬದಲಾಯಿತು. ಅದೇ ಮನುಷ್ಯ ಅವರ ಚಿಕಿತ್ಸಾಲಯದ ರೋಗಿ. ಪ್ರತಿ ಚಳಿಗಾಲದಲ್ಲಿ ಔಷಧಿ ತಗೊಳ್ಳಲು ಬರುವುದು ನಿಲ್ಲಿಸುತ್ತಾನೆ, ಯಾಕೆಂದು ಅವರಿಗೆ ಗೊತ್ತಿರಲಿಲ್ಲ. ಹತ್ತು ವರ್ಷ ಒಬ್ಬನೇ ಮನುಷ್ಯ ಇಲ್ಲೊಂದು ನಂಬರು ಅಲ್ಲೊಂದು ನಂಬರು ಆಗಿ ಬದುಕಿದ್ದ. ಅನುದಾನ ಅನ್ನುವುದು ಇಲ್ಲದಿದ್ದರೆ ಆ ಎರಡು ನಂಬರು ಕೂಡುತ್ತಲೇ ಇರಲಿಲ್ಲ. ಮುಂದೆ ನಾನು ಏನೇ ದೂರು ಹೇಳಿದರೂ ಈ ಮಾತು ಮೊದಲಿಗೇ ಇರಲಿ.

ನಾವು ಕೇಳಿದ್ದು ಎರಡೂವರೆ ಲಕ್ಷ ಡಾಲರ್. ಅರ್ಜಿ ನಲವತ್ತು ಪುಟದ್ದು. ಅದರಲ್ಲಿ ಒಂದು ಕಡೆ ಕಾಯ್ದೆಯ ಒಂದು ಪಾರಿಭಾಷಿಕ ಪದವನ್ನು ಬಳಸಲೇಬೇಕಿತ್ತು. ಈ ಸಹಾಯ ಯಾರಿಗೆ ಎಂಬುದನ್ನು ಹೇಳುವ ಪದ ಅದು. ಕನ್ನಡಕ್ಕೆ ತಂದರೆ 'ಪ್ರಾಥಮಿಕವಾಗಿ ಅರ್ಹನಾದ ಅಪರಾಧಿ' ಆಗುತ್ತದೆ. ಊರಿನಲ್ಲಿ 'ಅರ್ಹ ಫಲಾನುಭವಿ' ಎಂಬ ಮಾತು ಕೇಳಿ ಬೆಳೆದವರು ನಾವು. ಪಡಿತರ ಚೀಟಿ, ಆಶ್ರಯ ಮನೆ, ವಿಧವಾ ವೇತನ, ಎಲ್ಲದಕ್ಕೂ ಅರ್ಹರಾಗಬೇಕು, ಅರ್ಹರಾಗಲು ಬಡತನವನ್ನು ಕಾಗದದಲ್ಲಿ ತೋರಿಸಬೇಕು. ಬಡತನದ ಜಾಗದಲ್ಲಿ ಅಪರಾಧವನ್ನು ಇಟ್ಟ ಈ ಪದ ಮೊದಲ ಸಲ ಕಂಡಾಗ ನಗು ಬಂದಿತ್ತು. ಆಮೇಲೆ ಅಭ್ಯಾಸವಾಯಿತು. ಆ ಫೋನ್ ಬರುವವರೆಗೂ ಅದು ಬರೀ ಪದವಾಗಿತ್ತು.

ಒಂದು ದೇಶದಲ್ಲಿ ಔಷಧಿಯ ಬಾಗಿಲು ಜೈಲಿನ ಗೋಡೆಯಲ್ಲಿ ಹೇಗೆ ಬಂತು? ಯಾರೂ ಕೂತು ಹಾಗೆ ಯೋಜನೆ ಹಾಕಿದ್ದಲ್ಲ. 1955ರಲ್ಲಿ ಅಮೆರಿಕದ ಸರ್ಕಾರಿ ಹುಚ್ಚಾಸ್ಪತ್ರೆಗಳಲ್ಲಿ ಸುಮಾರು 5,58,000 ಜನರಿದ್ದರು. ಅಲ್ಲಿನ ಬದುಕು ಹೇಗಿತ್ತು ಎಂಬುದರ ಬಗ್ಗೆ ಒಳ್ಳೆಯ ಮಾತು ಹೇಳುವವರು ಕಡಿಮೆ. 1963ರ ಅಕ್ಟೋಬರ್ 31ರಂದು, ಗುಂಡೇಟಿಗೆ ಬಲಿಯಾಗುವ ಮೂರು ವಾರ ಮೊದಲು, ಅಧ್ಯಕ್ಷ ಕೆನಡಿ ಒಂದು ಕಾಯ್ದೆಗೆ ಸಹಿ ಹಾಕಿದರು. ದೊಡ್ಡ ಆಸ್ಪತ್ರೆಗಳು ಕರಗಲಿ, ಊರೂರಿನಲ್ಲಿ ಸಣ್ಣ ಚಿಕಿತ್ಸಾ ಕೇಂದ್ರಗಳು ಬರಲಿ ಎಂಬ ಕಾಯ್ದೆ. ಅವರ ತಂಗಿ ರೋಸ್‌ಮೇರಿಯ ಮಿದುಳಿಗೆ 1941ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ ಆಕೆಯ ಬದುಕೇ ಹಾಳಾಗಿತ್ತು. ಆ ನೋವು ಆ ಸಹಿಯ ಹಿಂದೆ ಎಷ್ಟಿತ್ತೋ.

ಆಸ್ಪತ್ರೆಗಳು ಕರಗಿದವು. ಕೇಂದ್ರಗಳು ಅಂದುಕೊಂಡಷ್ಟು ಬರಲಿಲ್ಲ. ಯಾಕೆ ಎಂಬುದಕ್ಕೆ ಹಲವು ಕಾರಣ ಕೊಡುತ್ತಾರೆ. ಅರ್ಜಿ ಬರೆಯುವ ನನ್ನಂಥವರ ಕಣ್ಣಿಗೆ ಬೀಳುವುದು ಒಂದೇ: ದುಡ್ಡು ಕೊಟ್ಟ ರೀತಿ. 1965ರಿಂದ ಕೇಂದ್ರ ಸರ್ಕಾರ ಸಿಬ್ಬಂದಿಯ ಸಂಬಳಕ್ಕೆ ಕೊಟ್ಟ ನೆರವು ಮೊದಲಿಗೆ ಮುಕ್ಕಾಲು ಪಾಲು ಇತ್ತು. ಆಮೇಲೆ ಇಳಿಯುತ್ತ ನಾಲ್ಕು ವರ್ಷ ಚಿಲ್ಲರೆಯಲ್ಲಿ ನಿಲ್ಲುವಂಥದ್ದು. ಅಷ್ಟರಲ್ಲಿ ಊರಿನವರು ತಮ್ಮ ಕಾಲ ಮೇಲೆ ನಿಲ್ಲಲಿ ಎಂದು. ಬಡ ಊರುಗಳು ನಿಲ್ಲಲಿಲ್ಲ. 1981ರಲ್ಲಿ ರೇಗನ್ ಸರ್ಕಾರ ಉಳಿದ ಹಣವನ್ನು ಕಡಿಮೆ ಮಾಡಿ ಒಟ್ಟು ಮೊತ್ತವಾಗಿ ರಾಜ್ಯಗಳ ಕೈಗೆ ಕೊಟ್ಟು ಸುಮ್ಮನಾಯಿತು. 2004ರ ಕಾಯ್ದೆಯನ್ನು ಓದುವಾಗ ಇದೇ ಏಣಿ ಮತ್ತೆ ಸಿಕ್ಕಿತು. ಮೊದಲೆರಡು ವರ್ಷ ಖರ್ಚಿನ ಶೇ. 80 ಕೇಂದ್ರದ್ದು, ಮೂರನೆಯ ವರ್ಷ 60, ನಾಲ್ಕು ಐದನೆಯ ವರ್ಷಕ್ಕೆ 25. ನಲವತ್ತು ವರ್ಷ ಹಿಂದೆ ಮುರಿದ ಏಣಿಯ ಅಳತೆಯಲ್ಲೇ ಇನ್ನೊಂದು ಏಣಿ.

ಇನ್ನೊಂದು ಕಡೆಯಿಂದ ನ್ಯಾಯಾಲಯಗಳೂ ಬಾಗಿಲನ್ನು ಅಲ್ಲಿಗೇ ತಳ್ಳಿದವು. ಟೆಕ್ಸಾಸಿನ ಒಬ್ಬ ಕೈದಿಯ ಬೆನ್ನಿನ ಮೇಲೆ ಹತ್ತಿಯ ಮೂಟೆ ಬಿತ್ತು, ಸರಿಯಾದ ಚಿಕಿತ್ಸೆ ಕೊಡಲಿಲ್ಲ ಎಂದು ಆತ ಕೇಸ್ ಹಾಕಿದ. 1976ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಸೋಲಿಸಿತು, ಆದರೆ ಸೋಲಿಸುವಾಗಲೇ ಒಂದು ತತ್ವವನ್ನು ಹೇಳಿತು: ಕೈದಿಯ ಗಂಭೀರ ಕಾಯಿಲೆಯನ್ನು ಬೇಕೆಂದೇ ಕಡೆಗಣಿಸುವುದು ಸಂವಿಧಾನ ನಿಷೇಧಿಸಿದ ಕ್ರೂರ ಶಿಕ್ಷೆ. 1989ರಲ್ಲಿ ವಿಸ್ಕಾನ್ಸಿನ್‌ನ ಒಂದು ಪ್ರಕರಣ ಬಂತು. ಅಪ್ಪನೇ ಹೊಡೆದು ಮಿದುಳಿಗೆ ಪೆಟ್ಟಾದ ಪುಟ್ಟ ಹುಡುಗ. ಸರ್ಕಾರದ ಸಮಾಜ ಕಾರ್ಯಕರ್ತರಿಗೆ ಮೊದಲೇ ಎಲ್ಲ ಗೊತ್ತಿತ್ತು. ಆದರೂ ಅವನನ್ನು ಕಾಪಾಡುವ ಸಾಂವಿಧಾನಿಕ ಹೊಣೆ ಸರ್ಕಾರಕ್ಕಿರಲಿಲ್ಲ ಎಂದು ಕೋರ್ಟ್ ಹೇಳಿತು. ಕಾರಣ, ಹುಡುಗ ಸರ್ಕಾರದ ವಶದಲ್ಲಿರಲಿಲ್ಲ. ಯಾರನ್ನಾದರೂ ಅವರ ಇಚ್ಛೆಗೆ ವಿರುದ್ಧವಾಗಿ ಹಿಡಿದಿಟ್ಟರೆ ಮಾತ್ರ ಅವರ ಯೋಗಕ್ಷೇಮ ಸರ್ಕಾರದ ಹೊಣೆ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಚಿಕಿತ್ಸೆಯನ್ನು ಸಂವಿಧಾನದ ಹಕ್ಕಾಗಿ ಕೇಳಬಲ್ಲವನು ಕೈಕೋಳ ಬಿದ್ದವನು. ಫೋನಿನಲ್ಲಿದ್ದ ಆ ತಾಯಿ ಇಂಥ ತೀರ್ಪುಗಳನ್ನು ಓದಿರಲಿಲ್ಲ. ಆದರೂ ಆಕೆ ಕೇಳಿದ ಪ್ರಶ್ನೆ ಕಾನೂನಿನ ದೃಷ್ಟಿಯಿಂದ ಬಲು ಸೂಕ್ಷ್ಮದ್ದು.

ಇನ್ನು ನನ್ನ ಅರ್ಜಿಯ ವಿಷಯ. ನಲವತ್ತು ಪುಟದಲ್ಲಿ ಎಲ್ಲೂ 'ಇವರು ಕಾಯಿಲೆಯವರು, ಅದಕ್ಕೆ ಚಿಕಿತ್ಸೆ ಕೊಡಬೇಕು' ಎಂದು ನಾನು ಬರೆದಿರಲಿಲ್ಲ. ಬರೆದಿದ್ದರೆ ಅಂಕ ಸಿಗುತ್ತಿರಲಿಲ್ಲ. ಬರೆದದ್ದು ಜೈಲಿನ ದಿನಗಳ ಲೆಕ್ಕ. ಕಳೆದ ವರ್ಷ ಮಾನಸಿಕ ಕಾಯಿಲೆಯವರು ಜೈಲಿನಲ್ಲಿ ಕಳೆದ ದಿನಗಳು ಇಷ್ಟು, ಒಂದು ದಿನಕ್ಕೆ ತಗಲುವ ಖರ್ಚು ಇಷ್ಟು, ಯೋಜನೆಯಿಂದ ಇಷ್ಟು ದಿನ ಉಳಿಯುತ್ತವೆ, ಮತ್ತೆ ಅರೆಸ್ಟ್ ಆಗುವವರ ಪ್ರಮಾಣ ಇಷ್ಟು ಇಳಿಯುತ್ತದೆ. ಉದಾಹರಣೆಗೆ ಮಯಾಮಿಯನ್ನು ಎತ್ತಿಕೊಂಡಿದ್ದೆ. ಈ ಕ್ಷೇತ್ರದಲ್ಲಿರುವವರೆಲ್ಲರೂ ಎತ್ತಿಕೊಳ್ಳುತ್ತಾರೆ. ಅಲ್ಲಿ ನ್ಯಾಯಾಧೀಶ ಸ್ಟೀವನ್ ಲೀಫ್‌ಮನ್ 2000ದಲ್ಲಿ ಶುರುಮಾಡಿದ ಕೆಲಸದ ಬೆನ್ನಿಗೆ ಒಂದು ಲೆಕ್ಕ ಬಂತು. ಗಂಭೀರ ಮನೋರೋಗವಿದ್ದ ಬರೀ 97 ಜನ, ಐದು ವರ್ಷದಲ್ಲಿ, ಸುಮಾರು 2,200 ಸಲ ಅರೆಸ್ಟ್ ಆಗಿದ್ದರು, 27,000 ದಿನ ಜೈಲಿನಲ್ಲಿದ್ದರು. ಕಡಿಮೆಯೆಂದರೂ 1 ಕೋಟಿ 30 ಲಕ್ಷ ಡಾಲರ್ ಖರ್ಚು. ಆ ದುಡ್ಡಿಗೆ ಯಾರ ಕಾಯಿಲೆಯೂ ವಾಸಿಯಾಗಲಿಲ್ಲ. ಕೌಂಟಿಯ ಬಜೆಟ್ ಸಮಿತಿಯಲ್ಲಿ ಕೂತ ರೈತನಿಗೂ ಟೈರ್ ಅಂಗಡಿಯವನಿಗೂ ಈ 97 ಎಂಬ ಸಂಖ್ಯೆ ಒಂದೇ ನಿಮಿಷದಲ್ಲಿ ಅರ್ಥವಾಗುತ್ತದೆ. ಕರುಣೆಯ ಮಾತಾಡಿದ್ದರೆ ಗಡಿಯಾರ ನೋಡುತ್ತಿದ್ದರು.

ಇದರಲ್ಲಿ ತಪ್ಪೇನು ಎಂದು ಆಗ ನಾನು ವಾದಿಸುತ್ತಿದ್ದೆ. ಕಾಂಟ್ ಹೇಳುವ ಅಂಗಡಿಯವನ ಉದಾಹರಣೆ ತತ್ವಶಾಸ್ತ್ರ ಓದಿದವರಿಗೆಲ್ಲ ಗೊತ್ತು. ಸಣ್ಣ ಮಗು ಸಾಮಾನು ಕೊಳ್ಳಲು ಬಂದರೂ ಅವನು ಮೋಸ ಮಾಡುವುದಿಲ್ಲ. ಪ್ರಾಮಾಣಿಕತೆಯ ಮೇಲಿನ ಗೌರವಕ್ಕಲ್ಲ, ಹೆಸರು ಕೆಟ್ಟರೆ ವ್ಯಾಪಾರ ಹೋಗುತ್ತದೆ ಎಂದು. ಅಂಥ ಕೆಲಸ ಕರ್ತವ್ಯಕ್ಕೆ ಹೊಂದುತ್ತದೆ, ಆದರೆ ಅದಕ್ಕೆ ನೈತಿಕ ಮೌಲ್ಯ ಇಲ್ಲ ಅನ್ನುತ್ತಾನೆ ಕಾಂಟ್. ನನಗೆ ಇದು ಯಾವಾಗಲೂ ಸಿರಿವಂತರ ಚಿಂತೆ ಅನ್ನಿಸುತ್ತಿತ್ತು. ಮಗು ಸರಿಯಾದ ಚಿಲ್ಲರೆ ತಗೊಂಡು ಮನೆಗೆ ಹೋಯಿತಲ್ಲ, ಅಂಗಡಿಯವನ ಎದೆಯಲ್ಲಿ ಏನಿದ್ದರೆ ಮಗುವಿಗೇನು? ಮಾತ್ರೆ ನುಂಗುವವನಿಗೆ ಅದನ್ನು ಕೊಟ್ಟವರ ಕಾರಣ ಗಂಟಲಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಬಸ್ ನಿಲ್ದಾಣದಲ್ಲಿ ಮಲಗುತ್ತಿದ್ದ ಆ ಮನುಷ್ಯನಿಗೆ ಆ ಚಳಿಗಾಲ ಒಂದು ಕೋಣೆ ಸಿಕ್ಕಿತು. ಅದು ಜೈಲಿನ ಖರ್ಚು ಉಳಿಸಲು ಸಿಕ್ಕಿದ್ದು ಎಂದು ತಿಳಿದರೆ ಅವನಿಗೆ ಚಳಿ ಆಗುತ್ತಿತ್ತೇ?

ಆ ಫೋನ್ ಬಂದ ಮೇಲೆ ಇದೇ ಉದಾಹರಣೆಯನ್ನು ಇನ್ನೊಂದು ಕಡೆಯಿಂದ ನೋಡುವಂತಾಯಿತು. ಹೆಸರು ಕೆಡಬಾರದು ಎಂದು ಪ್ರಾಮಾಣಿಕನಾಗಿರುವವನು ಊರಿನ ಮಗುವಿಗೆ ಮೋಸ ಮಾಡುವುದಿಲ್ಲ, ಸರಿ. ಎಲ್ಲಿಂದಲೋ ಬಂದು ಒಂದು ಬೆಂಕಿಪೊಟ್ಟಣ ಕೊಂಡು ಹೋಗುವ, ಮತ್ತೆಂದೂ ಬಾರದ ದಾರಿಹೋಕನಿಗೆ? ಅವನಿಂದ ಹೆಸರು ಕೆಡುವುದಿಲ್ಲವಲ್ಲ. ಅಂಗಡಿಯವನ ಕಾರಣ ಎಲ್ಲಿ ಮುಗಿಯುತ್ತದೋ ಅವನ ಪ್ರಾಮಾಣಿಕತೆಯೂ ಅಲ್ಲಿಗೆ ಮುಗಿಯುತ್ತದೆ. ನಾನು ಕಾರಣವನ್ನು ಕೊಡುವವನ ಮನಸ್ಸಿನೊಳಗಿನ ಸಂಗತಿ, ಹೊರಗಿನವರಿಗೆ ಸಂಬಂಧವಿಲ್ಲದ್ದು ಅಂದುಕೊಂಡಿದ್ದೆ. ಆದರೆ ಕಾರಣ ಹೊರಗೆ ಬಂದು ಬಾಗಿಲಲ್ಲಿ ಕೂತು ಯಾರು ಒಳಗೆ, ಯಾರು ಹೊರಗೆ ಎಂದು ಚೀಟಿ ಹರಿಯುತ್ತಿತ್ತು. ಜೈಲಿನ ದಿನ ಉಳಿಸಲು ಕೊಡುವ ಔಷಧಿ, ಜೈಲಿಗೆ ಒಂದು ದಿನವೂ ಖರ್ಚು ಮಾಡಿಸದವನಿಗೆ ಸಿಗುವುದು ಹೇಗೆ? ಬೇಸ್‌ಮೆಂಟಿನಲ್ಲಿ ಕಿಟಕಿ ಮುಚ್ಚಿಕೊಂಡು ಕೂತಿದ್ದ ಹುಡುಗನಿಂದ ಉಳಿಸಲಿಕ್ಕೆ ನಮ್ಮ ಲೆಕ್ಕದಲ್ಲಿ ಏನೂ ಇರಲಿಲ್ಲ.

ಕ್ಯಾಪ್ಟನ್ ಹತ್ತಿರ ಇದನ್ನೊಮ್ಮೆ ಹೇಳಿದೆ. ಆತ ಕೆಟ್ಟವರಲ್ಲ, ಬಹಳ ಯೋಚಿಸುವ ಮನುಷ್ಯ. 'ನನ್ನ ಬಾಗಿಲಿಗೆ ಯಾರು ಬರಬೇಕು ಅಂತ ನಾನು ಆರಿಸುವುದಿಲ್ಲ. ಬಂದವರಲ್ಲಿ ಹೆಚ್ಚು ಕಷ್ಟದಲ್ಲಿರುವವರು ಇವರು. ಇರುವುದೇ ಒಂದಿಷ್ಟು ದುಡ್ಡು, ಒಬ್ಬ ಡಾಕ್ಟರು. ಮನೆಯಲ್ಲಿ ಅಮ್ಮನ ಹತ್ತಿರ ಇರುವವನಿಗಿಂತ ಸೆಲ್‌ನಲ್ಲಿ ತಲೆ ಚಚ್ಚಿಕೊಳ್ಳುವವನಿಗೆ ಮೊದಲು ಕೊಡಬೇಕಲ್ಲವೆ?' ಅಂದರು. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ಊರಿನ ಕಡೆಯವರಾದ್ದರಿಂದ ನನ್ನ ಮನಸ್ಸು ತಟ್ಟನೆ ಓಡುವುದು ಸಿದ್ಧಗಂಗೆಯ ದಾಸೋಹಕ್ಕೆ. ಅಲ್ಲಿ ಪಂಕ್ತಿಯಲ್ಲಿ ಕೂತವನನ್ನು ಯಾಕೆ ಬಂದೆ ಎಂದು ಕೇಳುವುದಿಲ್ಲ. ಹಸಿವೇ ಸಾಕು. ಆದರೆ ಅನ್ನಕ್ಕೆ ಇನ್ನೊಂದು ಸೇರು ಅಕ್ಕಿ ಹಾಕಬಹುದು, ಮನೋವೈದ್ಯರ ದಿನಕ್ಕೆ ಇನ್ನೊಂದು ತಾಸು ಹಾಕಲಾಗದು. ಕೊರತೆ ಇರುವ ಕಡೆ ಯಾರು ಮೊದಲು ಎಂಬ ಪ್ರಶ್ನೆ ಬಂದೇ ಬರುತ್ತದೆ.

ಕ್ಯಾಪ್ಟನ್ನಿಗೆ ಆ ದಿನ ಉತ್ತರ ಹೇಳಲು ಆಗಲಿಲ್ಲ. ಆಮೇಲೆ ಹೊಳೆದದ್ದು ಇಷ್ಟು. ಹೆಚ್ಚು ಕಷ್ಟದಲ್ಲಿರುವವನು ಮೊದಲು ಅನ್ನುವುದು ಒಂದು ನಿಯಮ. ಅರೆಸ್ಟ್ ಆದವನು ಮೊದಲು ಅನ್ನುವುದು ಬೇರೆಯೇ ನಿಯಮ. ಎರಡೂ ಕೆಲವು ಸಲ ಒಬ್ಬನೇ ಮನುಷ್ಯನ ಹತ್ತಿರ ಹೋಗಿ ನಿಲ್ಲುವುದರಿಂದ ಒಂದೇ ಅನ್ನಿಸುತ್ತವೆ. ಅರೆಸ್ಟ್ ಎಂಬುದು ಕಾಯಿಲೆಯ ತೀವ್ರತೆಯನ್ನು ಅಳೆಯುವ ಉಪಕರಣವಲ್ಲ. ಯಾವ ಬೀದಿಯಲ್ಲಿ ವಾಸ, ಮೈಬಣ್ಣ ಯಾವುದು, ಪಕ್ಕದ ಮನೆಯವರು ಫೋನ್ ಮಾಡುವವರೋ ಅಲ್ಲವೋ, ಆ ರಾತ್ರಿ ಗಸ್ತಿಗೆ ಬಂದ ಪೊಲೀಸನಿಗೆ ಎಷ್ಟು ತಾಳ್ಮೆ, ಇವೆಲ್ಲ ಸೇರಿ ಒಂದು ಅರೆಸ್ಟ್ ಆಗುತ್ತದೆ. ಕಾಯಿಲೆಯಲ್ಲೂ ಸಭ್ಯನಾಗಿ ಉಳಿದವನು, ಮಗನನ್ನು ಬಿಡದೆ ಸಂಭಾಳಿಸಿದ ತಾಯಿ, ಇವರ ಒಳ್ಳೆಯತನವೇ ಇವರನ್ನು ಸಾಲಿನ ಕೊನೆಗೆ ನಿಲ್ಲಿಸುತ್ತದೆ.

ಇಲ್ಲಿ ಊರಿನ ಒಂದು ಮಾತು. ತಿಪಟೂರಿನ ಹತ್ತಿರ ನಮ್ಮ ಹಳ್ಳಿಯಲ್ಲಿ ನನ್ನ ಚಿಕ್ಕಪ್ಪನಿಗೂ ಇದೇ ವಯಸ್ಸಿನಲ್ಲಿ ಇದೇ ಕಾಯಿಲೆ ಬಂದಿತ್ತು. ಒಂದು ದಿನ ಅಜ್ಜ ಅವನನ್ನು ರೈಲು ಹತ್ತಿಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರು. ಚೀಟಿ ಮಾಡಿಸಿದರು, ಸಾಲಿನಲ್ಲಿ ಕೂತರು, ಸಂಜೆಗೆ ಮಾತ್ರೆ ತಗೊಂಡು ಬಂದರು. ಏನು ತಪ್ಪು ಮಾಡಿದ್ದಾನೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಇದನ್ನು ಹೇಳಿ ನಮ್ಮ ದೇಶ ಮೇಲು ಅನ್ನುವ ಹಾಗಿಲ್ಲ. ಆ ದಿನ ಬರುವ ಮೊದಲು ಎರಡು ವರ್ಷ ಚಿಕ್ಕಪ್ಪ ಕೊಟ್ಟಿಗೆಯಲ್ಲಿ ಹಗ್ಗದ ತುದಿಗಿದ್ದ. ಯಾವ ಅಪರಾಧವನ್ನೂ ಮಾಡದ ಮನೋರೋಗಿಗಳನ್ನು ಜೈಲಿನಲ್ಲಿಡುವುದು ಕಾನೂನುಬಾಹಿರ ಎಂದು ನಮ್ಮ ಸುಪ್ರೀಂ ಕೋರ್ಟ್ 1993ರಲ್ಲಿ, ಶೀಲಾ ಬರ್ಸೆ ಪ್ರಕರಣದಲ್ಲಿ, ಬಾಯಿಬಿಟ್ಟು ಹೇಳಬೇಕಾಯಿತು ಅಂದರೆ ಅಲ್ಲಿಯವರೆಗೆ ಇಡುತ್ತಿದ್ದರು ಎಂದೇ ಅರ್ಥ. ಫೋನಿನಲ್ಲಿ ಆ ತಾಯಿ ಮಾತಾಡುತ್ತಿದ್ದಾಗ ನನಗೆ ಅಜ್ಜನ ನೆನಪಾಯಿತು, ಅಷ್ಟಕ್ಕೆ ಇದನ್ನು ಹೇಳಿದೆ.

ಆಕೆಯ ಪ್ರಶ್ನೆಗೆ ನಾನು ಏನು ಹೇಳಿದೆ? ಹೌದು ಅನ್ನಲಿಲ್ಲ. ಮಾಡಬೇಡಿ ಎಂದೂ ಗಟ್ಟಿಯಾಗಿ ಹೇಳಲಿಲ್ಲ. ನನ್ನ ಕಣ್ಣ ಮುಂದೆ ಬಂದದ್ದು ಮೆಂಫಿಸ್. 1987ರ ಸೆಪ್ಟೆಂಬರಿನಲ್ಲಿ ಅಲ್ಲೊಬ್ಬ ತಾಯಿ ಹೀಗೆಯೇ ಪೊಲೀಸರಿಗೆ ಫೋನ್ ಮಾಡಿದ್ದಳು. ಇಪ್ಪತ್ತೇಳು ವರ್ಷದ ಮಗ ಚಾಕು ಹಿಡಿದು ತನ್ನನ್ನೇ ಕೊಯ್ದುಕೊಳ್ಳುತ್ತಿದ್ದ. ಬಂದ ಪೊಲೀಸರು ಅವನಿಗೆ ಗುಂಡು ಹೊಡೆದರು, ಸತ್ತುಹೋದ. ಅದಾದ ಮೇಲೆ ಆ ಊರಿನ ಪೊಲೀಸರು, ರೋಗಿಗಳ ಮನೆಯವರು, ವಿಶ್ವವಿದ್ಯಾಲಯದವರು ಕೂಡಿ 1988ರಲ್ಲಿ ಒಂದು ಪದ್ಧತಿ ಕಟ್ಟಿದರು. ಸ್ವಇಚ್ಛೆಯಿಂದ ಮುಂದೆ ಬಂದ ಪೊಲೀಸರಿಗೆ ನಲವತ್ತು ತಾಸು ತರಬೇತಿ, ಹಿಡಿದು ತಂದವರನ್ನು ಕಾಯಿಸದೆ ಒಳಗೆ ಕರೆದುಕೊಳ್ಳುವ ಆಸ್ಪತ್ರೆ. ಇವತ್ತು ದೇಶದ ಉದ್ದಗಲಕ್ಕೂ ಅದನ್ನೇ ಅನುಸರಿಸುತ್ತಾರೆ. ನಮ್ಮ ಅರ್ಜಿಯಲ್ಲಿ ಅದಕ್ಕೂ ದುಡ್ಡು ಕೇಳಿದ್ದೆವು, ತರಬೇತಿ ಇನ್ನೂ ಶುರುವಾಗಿರಲಿಲ್ಲ. ಚಿಕಿತ್ಸಾಲಯದಲ್ಲಿ ಯಾರಾದರೂ ಭೇಟಿ ರದ್ದು ಮಾಡಿದರೆ ಆ ಜಾಗಕ್ಕೆ ಕರೆಯುವ ಪಟ್ಟಿಗೆ ಮಗನ ಹೆಸರು ಹಾಕಿಸಿ ಎಂದು ಹೇಳಿದೆ. ಹಾಕಿಸಿದ್ದೇನೆ ಅಂದರು. ಹಾಗಾದರೆ ಕಾಯಬೇಕು ಅಂದೆ.

ಅವತ್ತು ರಾತ್ರಿ, ಬೇರೆ ಯಾವುದೋ ವಿಷಯ ಹುಡುಕುತ್ತ, 2004ರ ಕಾಯ್ದೆಯ ಮೂಲ ಪಠ್ಯವನ್ನು ಮತ್ತೆ ತೆರೆದೆ. 'ಅರ್ಹ ಅಪರಾಧಿ' ಯಾರು ಎಂದು ವಿವರಿಸುವ ಭಾಗದಲ್ಲಿ ಮೂರು ಕ್ರಿಯಾಪದಗಳಿವೆ. ಸಣ್ಣ ಅಪರಾಧದ ಅಥವಾ ಹಿಂಸೆಯಿಲ್ಲದ ಅಪರಾಧದ ಆರೋಪವನ್ನು ಎದುರಿಸಿದವನು, ಎದುರಿಸುತ್ತಿರುವವನು, ಇಲ್ಲವೇ ಎದುರಿಸಬಹುದಾದವನು. ಕೊನೆಯದನ್ನು ಎಷ್ಟೋ ಸಲ ಓದಿದ್ದೆ, ನೋಡಿರಲಿಲ್ಲ. ಎದುರಿಸಬಹುದಾದವನು. ಆರೋಪ ಇನ್ನೂ ಬಿದ್ದಿರಲೇಬೇಕು ಎಂದು ಕಾಯ್ದೆ ಹೇಳಿರಲಿಲ್ಲ. ಕೋರ್ಟಿನ ಅಥವಾ ತಪಾಸಣೆಯ ಕ್ರಮದಲ್ಲಿ ಅರ್ಹನೆಂದು ಒಪ್ಪಿಸಬೇಕು, ಅದು ಸುಲಭವಲ್ಲ, ಆ ಹುಡುಗ ಅದರಲ್ಲಿ ಬರುತ್ತಿದ್ದ ಎಂದು ನಾನು ಆಣೆ ಮಾಡಲಾರೆ. ಆದರೆ ಪೊಲೀಸರು ಒಮ್ಮೆ ಮನೆಗೆ ಬಂದು ಅರೆಸ್ಟ್ ಮಾಡದೆ ಹೋದವರು, ಅಂಗಡಿಯವನು ದೂರು ಕೊಡದೆ ಬಿಟ್ಟವರು, ಇಂಥವರಿಗೆ ಕಾಯ್ದೆಯಲ್ಲಿ ಒಂದು ಕಿಂಡಿ ಇತ್ತು. ಡಿವೈನ್, ಸ್ಟ್ರಿಕ್‌ಲ್ಯಾಂಡ್ ಇಬ್ಬರಲ್ಲಿ ಯಾರು ಆ ಪದ ಸೇರಿಸಿದರೋ, ಅವರಿಗೆ ಆ ತಾಯಿಯಂಥವರ ಗುರುತಿತ್ತು ಎಂದು ನನ್ನ ಊಹೆ.

ಆ ಕಿಂಡಿಯನ್ನು ಮುಚ್ಚಿದ್ದು ನಮ್ಮ ಅರ್ಜಿ. ಅದರ ಎಂಟನೆಯ ಪುಟದಲ್ಲಿ, ಯಾರೂ ಒತ್ತಾಯ ಮಾಡದೆ, ನಾನೇ ಬರೆದಿದ್ದೆ: ಕೌಂಟಿ ಜೈಲಿನಲ್ಲಿ ದಾಖಲಾದವರಿಗೆ ಮಾತ್ರ. ಯಾಕೆ ಹಾಗೆ ಬರೆದೆ ಎಂದು ನೆನಪಿದೆ. ಜೈಲಿನ ರಿಜಿಸ್ಟರಿನಲ್ಲಿ ತಲೆ ಎಣಿಸಬಹುದು. ಯೋಜನೆಗೆ ಮೊದಲು ಎಷ್ಟು, ಆಮೇಲೆ ಎಷ್ಟು ಎಂದು ಚೊಕ್ಕವಾಗಿ ಎರಡು ಕಾಲಂ ಮಾಡಬಹುದು. ಅರೆಸ್ಟ್ ಆಗಬಹುದಾಗಿದ್ದು ಆಗದವರನ್ನು ಯಾವ ರಿಜಿಸ್ಟರಿನಲ್ಲಿ ಎಣಿಸುವುದು? ಸರ್ಕಾರ, ಸುಪ್ರೀಂ ಕೋರ್ಟ್, ರೇಗನ್ ಎಂದು ಇಷ್ಟು ಹೊತ್ತು ದೂರು ಹೇಳಿದೆನಲ್ಲ. ಬಾಗಿಲನ್ನು ಕೊನೆಯ ಒಂದು ಗೇಣು ಸರಿಸಿ ಜೈಲಿನ ಗೋಡೆಗೆ ಸೇರಿಸಿದ್ದು ಒಂದು ಚೊಕ್ಕ ಕೋಷ್ಟಕದ ಮೇಲಿನ ನನ್ನ ಆಸೆ.

ಮರುದಿನ ಮುಖ್ಯಸ್ಥೆಗೆ ತೋರಿಸಿದೆ. ಒಪ್ಪಿಕೊಂಡ ವ್ಯಾಪ್ತಿಯನ್ನು ನಡುವೆ ಬದಲಿಸಬೇಕೆಂದರೆ ವಾಷಿಂಗ್ಟನ್‌ಗೆ ಬರೆದು ಒಪ್ಪಿಗೆ ಪಡೆಯಬೇಕು, ಜೈಲು, ಕೋರ್ಟು, ಸರ್ಕಾರಿ ವಕೀಲರ ಕಚೇರಿ ಎಲ್ಲರೂ ಮತ್ತೆ ಸಹಿ ಹಾಕಬೇಕು. ಕ್ಯಾಪ್ಟನ್ ಮೊದಲು ಸಹಿ ಹಾಕಿದವರು, ಅದನ್ನು ಹೇಳಲೇಬೇಕು. ಎಲ್ಲ ಮುಗಿದು ಒಪ್ಪಿಗೆ ಬರುವಷ್ಟರಲ್ಲಿ ಏಳು ತಿಂಗಳಾಗಿತ್ತು.

ಆ ಏಳು ತಿಂಗಳ ನಡುವೆ, ಫೋನ್ ಬಂದ ಮೂರನೆಯ ತಿಂಗಳಿನಲ್ಲಿ, ಆ ಹುಡುಗ ಒಂದು ಪೆಟ್ರೋಲ್ ಬಂಕಿನ ಅಂಗಡಿಯೊಳಗೆ ಹೋಗಿ ದೀಪಗಳನ್ನು ಆರಿಸಲು ಹೇಳಿದ, ಹೊರಗೆ ಹೋಗು ಎಂದರೂ ಹೋಗಲಿಲ್ಲ. ಅತಿಕ್ರಮ ಪ್ರವೇಶದ ಕೇಸಾಯಿತು. ಪೊಲೀಸರಿಗೆ ಫೋನ್ ಮಾಡಿದ್ದು ಅಂಗಡಿಯವರು, ತಾಯಿಯಲ್ಲ. ಎರಡು ರಾತ್ರಿ ಜೈಲಿನಲ್ಲಿದ್ದ. ಮೂರನೆಯ ದಿನ ನಮ್ಮ ಪಟ್ಟಿಗೆ ಬಂದ, ಆರನೆಯ ದಿನ ಡಾಕ್ಟರು ನೋಡಿದರು.

ಅವನಿಗೆ ಗುಣ ಕಂಡಿತು. ವರ್ಷ ಕಳೆಯುವ ಹೊತ್ತಿಗೆ ಒಂದು ನರ್ಸರಿಯಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸಕ್ಕೆ ಹೋಗುತ್ತಿದ್ದ. ಬಾಡಿಗೆ ಮನೆಗೆ ಅರ್ಜಿ ಹಾಕಿದಾಗ ಅರೆಸ್ಟ್ ದಾಖಲೆ ನೋಡಿ ಎರಡು ಕಡೆ ಇಲ್ಲ ಅಂದರು, ಆದ್ದರಿಂದ ಅಮ್ಮನ ಮನೆಯಲ್ಲೇ ಇದ್ದ. ಮೂರನೆಯ ವರ್ಷ ಕೇಂದ್ರದ ಪಾಲು ಇಳಿಯಿತು, ಇಬ್ಬರು ಕೇಸ್ ಮ್ಯಾನೇಜರುಗಳಲ್ಲಿ ಒಬ್ಬರನ್ನು ಉಳಿಸಿಕೊಳ್ಳಲು ಆಗಲಿಲ್ಲ. ಅವನು ಉಳಿದವರ ಪಾಲಿಗೆ ಬಂದ. ಈಗ 2022ರಿಂದ 988 ಎಂಬ ಮೂರಂಕಿಯ ನಂಬರು ಬಂದಿದೆ, ಮನಸ್ಸಿನ ಸಂಕಟದಲ್ಲಿರುವವರು ಪೊಲೀಸರ ನಂಬರಿನ ಬದಲು ಅದಕ್ಕೆ ಫೋನ್ ಮಾಡಬಹುದು. ಆಗ ಅದೊಂದು ಇರಲಿಲ್ಲ.

ಒಂದು ಮಧ್ಯಾಹ್ನ ಆ ತಾಯಿ ಆಫೀಸಿಗೇ ಬಂದರು. ಅವರನ್ನು ನೋಡಿದ್ದು ಅದೇ ಮೊದಲು. ನರ್ಸರಿಯಿಂದ ತಂದ ಒಂದು ಸಣ್ಣ ಕುಂಡವನ್ನು ಮೇಜಿನ ಮೇಲಿಟ್ಟರು. ನೀವು ಮಾಡಿದ ಉಪಕಾರಕ್ಕೆ ಎಂದರು. ನಾನು ಎದ್ದು ನಿಂತು ಏನೋ ಹೇಳಲು ಹೋದೆ. ಅವರು ನನ್ನ ಕೈ ಹಿಡಿದು, 'ದೇವರ ದಯೆ, ಅವನು ಅರೆಸ್ಟ್ ಆದ' ಅಂದರು.

ಅವನು ಸೇರಿದ ತ್ರೈಮಾಸಿಕದ ವರದಿ ನನ್ನ ಹತ್ತಿರ ಈಗಲೂ ಇದೆ. ಹೊಸದಾಗಿ ಸೇರಿದವರು 11. ಅದರಲ್ಲಿ ಒಬ್ಬ ಅವನು. ಅದರ ಪಕ್ಕದ ಕಾಲಂನಲ್ಲಿ, ಸೇರುವ ಮೊದಲಿನ ಹನ್ನೆರಡು ತಿಂಗಳಲ್ಲಿ ಜೈಲಿನಲ್ಲಿ ಕಳೆದ ದಿನಗಳು ಎಂಬಲ್ಲಿ, ಅವನ ಹೆಸರಿಗೆ ಎದುರಾಗಿ ನಾನು 2 ಎಂದು ಬರೆದಿದ್ದೇನೆ.